ನಾನೂರ ಹನ್ನೆರಡನೆಯ ಚಿಪ್ಪಿನ ಗೈರುಹಾಜರಿ

ಕಡಲತೀರ ಅಧ್ಯಯನ ಕೇಂದ್ರದ ವ್ಯಾಪ್ತಿಯಲ್ಲಿ ಸಮುದ್ರವು ಪ್ರತಿದಿನ ಬೆಳಿಗ್ಗೆ ಹತ್ತು ಗಂಟೆಯಿಂದ ಮಧ್ಯಾಹ್ನ ಒಂದು ಗಂಟೆಯವರೆಗೆ ಇಳಿದಿರುತ್ತದೆ. ಭಾನುವಾರ ಮತ್ತು ಸಾರ್ವತ್ರಿಕ ರಜಾದಿನಗಳಲ್ಲಿ ಇಳಿತ ಇರುವುದಿಲ್ಲ.

ಈ ಸಂಗತಿ ಕೇಂದ್ರದ ಹಜಾರದಲ್ಲಿ ಗಾಜು ಹಾಕಿ ತೂಗುಬಿಟ್ಟಿರುವ ವೇಳಾಪಟ್ಟಿಯಲ್ಲಿದೆ, ಕೈಪಿಡಿಯ ಮೂರನೆಯ ಪುಟದಲ್ಲಿದೆ, ಅಧೀಕ್ಷಕರ ಮೇಜಿನ ಗಾಜಿನಡಿಯಲ್ಲೂ ಇದೆ. ಸಮುದ್ರಕ್ಕೆ ಇದರ ಪ್ರತಿ ಕಳುಹಿಸಿದ್ದಕ್ಕೆ ಮಾತ್ರ ಕಡತದಲ್ಲಿ ದಾಖಲೆ ಸಿಗುವುದಿಲ್ಲ. ಹತ್ತೊಂಬತ್ತು ವರ್ಷಗಳ ಹಿಂದೆ ವೇಳಾಪಟ್ಟಿ ಬರೆಯಲು ಕುಳಿತವರು ಕಿಟಕಿಯಿಂದ ಹೊರಗೆ ನೋಡಿದರಂತೆ. ಆಗ ಗಂಟೆ ಹತ್ತು, ನೀರು ಇಳಿದಿತ್ತು, ಬರೆದುಕೊಂಡರು. ಒಮ್ಮೆ ಬರೆದದ್ದನ್ನು ಬದಲಾಯಿಸಲು ಪಠ್ಯ ಸಮಿತಿ ಸೇರಬೇಕು. ಸಮಿತಿ ಸೇರಲು ಏಳು ಮಂದಿ ಸದಸ್ಯರು ಬೇಕು. ಅವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ, ಅವರ ರಾಜೀನಾಮೆ ಇನ್ನೂ ಬಂದಿಲ್ಲ.

ಹೀಗಾಗಿ ಆ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸಮುದ್ರಜೀವಶಾಸ್ತ್ರ ಓದುವ ಮೂವತ್ತು ಮಂದಿ ಕಾಲೇಜು ವಿದ್ಯಾರ್ಥಿಗಳು ಸೊಂಟದವರೆಗಿನ ನೀರಿನಲ್ಲಿ ನಿಂತು, ಕೆಳಗೆ ಎಲ್ಲೋ ಇದ್ದಿರಬಹುದಾದ ಬಂಡೆಯ ಮೇಲಿನ ಟೋಪಿಚಿಪ್ಪುಗಳನ್ನು ಎಣಿಸತೊಡಗಿದರು. ಟೋಪಿಚಿಪ್ಪು ಎಂದರೆ ಬಸವನಹುಳುವಿನ ದಾಯಾದಿ. ಬೆರಳ ತುದಿಯಷ್ಟು ಗಾತ್ರ, ಬೆನ್ನ ಮೇಲೆ ಚೂಪು ಟೋಪಿ. ನೀರು ಇಳಿದಾಗ ಬಂಡೆಯನ್ನು ಗಟ್ಟಿಯಾಗಿ ಕಚ್ಚಿ ಕೂರುತ್ತದೆ. ನೀರು ಏರಿದಾಗ ನಿಧಾನವಾಗಿ ಹೊರಟು ಪಾಚಿ ಮೇಯ್ದು, ಇಳಿಯುವ ಹೊತ್ತಿಗೆ ತಪ್ಪದೆ ತನ್ನ ಜಾಗಕ್ಕೇ ಬಂದು ಕೂರುತ್ತದೆ. ಅದು ಕೂತು ಕೂತು ಬಂಡೆಯ ಮೇಲೆ ಉಗುರಿನಾಕಾರದ ಗುರುತು ಬಿದ್ದಿರುತ್ತದೆ. ಪ್ರಾಣಿಗೆ ಅದೇ ಮನೆ.

"ನಾನೂರ ಹನ್ನೆರಡು," ಎಂದ ವಾರಸುದಾರ, ಅಲೆಯೊಂದು ಬಾಯಿಗೆ ಹೊಡೆದದ್ದನ್ನು ಉಗುಳಿ. ಅವನಿಗೆ ಆ ಹೆಸರು ಬಂದದ್ದು, ಎಣಿಕೆಗಳೆಲ್ಲ ಮೊದಲೇ ಬರೆದಿದ್ದ ಅವನ ಅಣ್ಣನ ರೆಕಾರ್ಡ್ ಪುಸ್ತಕದಿಂದ. ಅಣ್ಣನಿಗೆ ಅದು ದೊಡ್ಡಪ್ಪನ ಮಗನಿಂದ ಬಂದಿತ್ತು. ಮನೆತನದ ಆಸ್ತಿ ಎಂದು ಹೇಳಿಕೊಳ್ಳಲು ಅವರಿಗಿದ್ದದ್ದು ಅದೊಂದೇ.

ಇಪ್ಪತ್ತೆಂಟು ಮಂದಿ ಒದ್ದೆ ಹಾಳೆಯ ಮೇಲೆ ನಾನೂರ ಹನ್ನೆರಡು ಎಂದು ಬರೆದುಕೊಂಡರು. ಗಂಬೂಟು ಬರೆಯಲಿಲ್ಲ.

ಗಂಬೂಟು ಎಂದರೆ ಆ ತರಗತಿಯ ಒಬ್ಬ ಹುಡುಗಿ. ಐಸ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಸೋದರತ್ತೆಯ ಹಳೇ ಗಂಬೂಟು ಹಾಕಿಕೊಂಡು ಬಂದವಳು. ಎರಡು ಸೈಜು ದೊಡ್ಡದು, ನಡೆದರೆ ಮುಂದೆ ಬೂಟು ಹೋಗಿ ಹಿಂದಿನಿಂದ ಅವಳು ಹೋಗುತ್ತಿದ್ದಳು. ಈ ಕೋರ್ಸಿಗೆ ಅವಳು ಬಂದದ್ದು ಎರಡನೆಯ ಸಲ. ಹೋದ ವರ್ಷ ಅವಳು ತನ್ನ ವರದಿಯಲ್ಲಿ "ನೀರು ಸೊಂಟದವರೆಗೆ ಇದ್ದುದರಿಂದ ಬಂಡೆ ಕಾಣಲಿಲ್ಲ" ಎಂದು ಬರೆದಿದ್ದಳು. ಅದರ ಮೇಲೆ ವಿಭಾಗದ ಮುಖ್ಯಸ್ಥರು ಕೆಂಪು ಶಾಯಿಯಲ್ಲಿ "ವಿದ್ಯಾರ್ಥಿನಿಯು ಬಂಡೆಯ ಬದಲು ನೀರನ್ನು ವೀಕ್ಷಿಸಿರುತ್ತಾಳೆ. ಅಪೂರ್ಣ" ಎಂದು ಷರಾ ಬರೆದಿದ್ದರು. ನಿಯಮದ ಪ್ರಕಾರ ಎರಡೇ ಅವಕಾಶ. ಈ ಸಲವೂ ಅಪೂರ್ಣವಾದರೆ ಪದವಿ ಇಲ್ಲ. ಪದವಿ ಇಲ್ಲದಿದ್ದರೆ ಮೀನುಮರಿ ಕೇಂದ್ರದ ಪ್ರಯೋಗಾಲಯದಲ್ಲಿ ಈ ತಿಂಗಳ ಕೊನೆಯವರೆಗೆ ಅವಳಿಗಾಗಿ ಖಾಲಿ ಇಟ್ಟಿದ್ದ ಕುರ್ಚಿಯೂ ಇಲ್ಲ. ಆ ಕುರ್ಚಿಯನ್ನು ಅವಳು ಹೋಗಿ ನೋಡಿ ಬಂದಿದ್ದಳು. ಒಂದು ಕಾಲು ಕುಂಟುತ್ತಿತ್ತು, ಆದರೂ ಅದರ ಮೇಲೆ ಅವಳಿಗೆ ಜೀವ.

ಆದ್ದರಿಂದ ನಾನೂರ ಹನ್ನೆರಡು ಬರೆಯಬೇಕೆಂಬ ಆಸೆ ಅವಳಿಗೂ ಇತ್ತು. ಆದರೆ ಎಣಿಸಿಯೇ ಬರೆಯಬೇಕೆಂಬ ಒಂದು ಕೆಟ್ಟ ಚಟ ಅವಳಿಗೆ ಅಂಟಿಕೊಂಡಿತ್ತು. ಮಧ್ಯಾಹ್ನ ಅತ್ತೆಗೆ ಫೋನು ಮಾಡಿದಳು.

"ಅತ್ತೇ, ನಿಮ್ಮ ಕಾರ್ಖಾನೆ ಕ್ಯಾಲೆಂಡರ್‌ನಲ್ಲಿ ಇವತ್ತು ನೀರು ಎಷ್ಟೊತ್ತಿಗೆ ಇಳಿಯುತ್ತೆ ಅಂತ ಇದೆ?"

"ನಾಲ್ಕೂಕಾಲು. ನಾಳೆ ಐದರ ಮೇಲೆ. ದಿನಕ್ಕೆ ಐವತ್ತು ನಿಮಿಷ ಹಿಂದೆ ಬೀಳುತ್ತೆ ಅಂತ ಐಸ್ ಹೊಡೆಯೋರಿಗೂ ಗೊತ್ತು. ಯಾಕೆ, ನಿಮ್ಮ ಮೇಷ್ಟ್ರಿಗೆ ಗೊತ್ತಿಲ್ವಾ?"

"ಇಲ್ಲಿ ಹತ್ತಕ್ಕೆ ಇಳಿಯುತ್ತೆ ಅತ್ತೆ."

"ಹಾಗಾದ್ರೆ ಅಲ್ಲಿ ಬೇರೆ ಸಮುದ್ರ ಇರಬೇಕು," ಎಂದಳು ಅತ್ತೆ. "ನೀನು ಯಾವುದನ್ನಾದ್ರೂ ಎಣಿಸು, ಈ ಸಲ ಸರ್ಟಿಫಿಕೇಟ್ ತಗೊಂಡೇ ಬಾ. ಬರೀ ಬೂಟು ವಾಪಸ್ ತರಬೇಡ."

ನಾಲ್ಕೂಕಾಲಿಗೆ ಬಂಡೆ ಪೂರ್ತಿ ಮೇಲೆದ್ದಿತ್ತು. ಗಂಬೂಟು ಎಣಿಕೆಗೆ ಬಳಸುವ ಮರದ ಚೌಕ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಮೊಣಕಾಲೂರಿ ಹೋದಳು. ಬಂಡೆಯ ತುಂಬ ಹಸಿರು ಪಾಚಿ, ಮೇಯುವವರಿಲ್ಲದ ಗೋಮಾಳದ ಹಾಗೆ ಬೆಳೆದು ನಿಂತಿತ್ತು. ಪಾಚಿ ಸರಿಸಿದರೆ ಉಗುರಿನಾಕಾರದ ಗುರುತುಗಳು ನೂರಾರು ಇದ್ದವು. ಕೂತವರು ಮಾತ್ರ ಇರಲಿಲ್ಲ. ಎರಡನೆಯ ಸಲ ಎಣಿಸಿದಳು, ಆಗಲೂ ಸೊನ್ನೆ. ಅವಳಿಗೆ ಅಳು ಬಂತು. ಅದು ಚಿಪ್ಪುಗಳಿಗಾಗಿಯೋ ಕುರ್ಚಿಗಾಗಿಯೋ ಅವಳಿಗೇ ಸರಿಯಾಗಿ ಗೊತ್ತಾಗಲಿಲ್ಲ.

ಚಿಪ್ಪುಗಳು ಎಲ್ಲಿ ಹೋದವು ಎಂಬುದನ್ನು ಹೇಳಿದವರು ಬಾಟಲಿ ಮಾಮ. ಅವರು ಕೇಂದ್ರದ ಅಟೆಂಡರು, ನಿವೃತ್ತಿಗೆ ಎರಡು ವರ್ಷ ಬಾಕಿ. ಮಾದರಿ ಕೋಣೆಯ ಬೀಗದ ಕೈ ಅವರ ಸೊಂಟದಲ್ಲಿರುತ್ತಿತ್ತು.

"ಎಲ್ಲಿ ಹೋಗ್ತವೆ? ಒಳಗಿವೆ," ಎಂದು ಬೀರು ತೆರೆದು ತೋರಿಸಿದರು. ಸಾಲು ಸಾಲು ಪುಟ್ಟ ಗಾಜಿನ ಬಾಟಲಿಗಳು. ಪ್ರತಿಯೊಂದರಲ್ಲೂ ಒಂದು ಟೋಪಿಚಿಪ್ಪು.

ವಿಷಯ ಬಹಳ ಸರಳವಾಗಿತ್ತು. ಕೈಪಿಡಿಯ ಹನ್ನೊಂದನೆಯ ಪುಟದ ಪ್ರಕಾರ ಪ್ರತಿ ವಿದ್ಯಾರ್ಥಿಯೂ ಬಂಡೆಯ ಜೀವಸಂಪತ್ತನ್ನು ಸಂರಕ್ಷಿಸುವ ಮಹತ್ವವನ್ನು ಅರಿತದ್ದಕ್ಕೆ ಪುರಾವೆಯಾಗಿ ಎರಡು ಜೀವಂತ ಟೋಪಿಚಿಪ್ಪುಗಳನ್ನು ಕಿತ್ತು ಬಾಟಲಿಯಲ್ಲಿ ಹಾಕಿ ಒಪ್ಪಿಸತಕ್ಕದ್ದು. ಮೊದಲ ವರ್ಷ ಎಣಿಸಿದಾಗ ಬಂಡೆಯ ಮೇಲೆ ನಾನೂರ ಹನ್ನೆರಡು ಇದ್ದವು. ವರ್ಷಕ್ಕೆ ಮೂವತ್ತು ಮಂದಿ, ಅರವತ್ತು ಚಿಪ್ಪು. ಏಳನೆಯ ವರ್ಷಕ್ಕೆ ಸಂರಕ್ಷಣೆ ಸಂಪೂರ್ಣವಾಯಿತು. ಆ ವರ್ಷ ಕೊನೆಯ ನಾಲ್ಕೈದು ಮಂದಿಗೆ ಚಿಪ್ಪು ಸಾಲದೆ ಬಂದಾಗ, ಅಳುತ್ತಿದ್ದ ಹುಡುಗನೊಬ್ಬನನ್ನು ನೋಡಲಾಗದೆ ಬಾಟಲಿ ಮಾಮ ಹಳೇ ಬಾಟಲಿಗಳನ್ನೇ ಕೈಗಡ ಕೊಟ್ಟರು. ಅಲ್ಲಿಂದೀಚೆಗೆ ಹನ್ನೆರಡು ವರ್ಷ ಬಾಟಲಿಗಳು ಬೆಳಿಗ್ಗೆ ಹೊರಗೆ ಹೋಗಿ, ಮೌಲ್ಯಮಾಪನ ಮುಗಿಸಿಕೊಂಡು, ಸಂಜೆ ಬೀರುವಿಗೆ ಮರಳುತ್ತಿದ್ದವು.

"ಒಟ್ಟು ನಾನೂರ ಹನ್ನೊಂದಿವೆ," ಎಂದರು ಮಾಮ. ಅವರ ಮುಖ ಸಪ್ಪಗಾಯಿತು. "ಒಂದು ಕಮ್ಮಿ. ಅದನ್ನ ನಾನೇ ಕಳೆದೆ ಅಂತ ಆವಾಗ ನನಗೆ ಮೆಮೊ ಕೊಟ್ಟಿದ್ರು. ಬಂಡೆ ಮೇಲಿಂದ ಒಳಗೆ ಬಂದಿದ್ದೇ ಅಷ್ಟು, ನಾನೇನು ತಿಂದ್ನಾ? ಹನ್ನೆರಡು ವರ್ಷದಿಂದ ಆ ಮೆಮೊ ನನ್ನ ಎದೆ ಮೇಲೆ ಕೂತಿದೆ ಕಣಮ್ಮ."

ಮಂಗಳವಾರ ಬೆಳಿಗ್ಗೆ ಗಂಬೂಟು ತನ್ನ ವರದಿಯನ್ನು ಸಲ್ಲಿಸಿದಳು. "ಟೋಪಿಚಿಪ್ಪು: ಸೊನ್ನೆ. ಎಣಿಸಿದ ವೇಳೆ: ಸಂಜೆ ನಾಲ್ಕೂಕಾಲು. ಚಿಪ್ಪುಗಳಿರುವ ಜಾಗ: ಮಾದರಿ ಕೋಣೆಯ ಬೀರು." ಮುಖ್ಯಸ್ಥರು ಅದನ್ನು ಎರಡು ಸಲ ಓದಿದರು. ಅವರು ಕೆಟ್ಟವರಲ್ಲ. ಜೀವಮಾನದಲ್ಲಿ ಯಾರಿಗೂ ದನಿ ಎತ್ತರಿಸಿದವರಲ್ಲ. ಸಮುದ್ರದ ಮೇಲೆ ಎರಡು ಪುಸ್ತಕ ಬರೆದಿದ್ದರು. ನೆಗಡಿಯಾಗುತ್ತದೆಂದು ಅದರ ಹತ್ತಿರ ಹೋಗುತ್ತಿರಲಿಲ್ಲ.

"ಸಂಜೆ ಇಳಿತ ಇಲ್ವಲ್ಲಮ್ಮ," ಎಂದರು ಮೃದುವಾಗಿ.

"ಇತ್ತು ಸರ್. ಬಂಡೆ ಪೂರ್ತಿ ಒಣಗಿತ್ತು."

"ಒಣಗಿರಬಹುದು. ಅದು ಇಳಿತ ಅಂತ ಯಾರು ಹೇಳಿದ್ದು?"

"ಸರ್, ಅದು ದಿನಕ್ಕೆ ಐವತ್ತು ನಿಮಿಷ ತಡವಾಗಿ ಬರುತ್ತೆ."

"ದಿನಾ ತಡವಾಗಿ ಬರೋದು ಶಿಸ್ತಲ್ಲ. ನಾವೇ ಅದನ್ನ ಒಪ್ಪಿಕೊಂಡ್ರೆ ನಾಳೆ ಗುಮಾಸ್ತರೂ ಅದನ್ನೇ ಕೇಳ್ತಾರೆ." ಅವರು ನಿಟ್ಟುಸಿರು ಬಿಟ್ಟರು. "ನೀನು ಬುದ್ಧಿವಂತೆ. ಇದನ್ನ ವಾಪಸ್ ತಗೊಂಡು ನಾನೂರ ಹನ್ನೆರಡು ಅಂತ ತಿದ್ದಿ ಕೊಡು. ನನಗೂ ಸಂತೋಷ, ನಿನಗೂ ಸಂತೋಷ."

ಗಂಬೂಟು ಕೈ ಚಾಚಿಯೂ ಚಾಚಿದಳು, ಅದನ್ನು ಮುಚ್ಚಿಡುವುದೇಕೆ. ಆದರೆ ಅಷ್ಟರಲ್ಲಿ ಒಂದು ಅನಾಹುತ ನಡೆದಿತ್ತು. ಆ ದಿನ ಬೇರೆ ಕೆಲಸವಿಲ್ಲದೆ ಕುಳಿತಿದ್ದ ಗುಮಾಸ್ತರು ಆ ವರದಿಯನ್ನು ಒಳಬಂದ ಪತ್ರಗಳ ಪುಸ್ತಕದಲ್ಲಿ ನಮೂದಿಸಿ, ಸಂಖ್ಯೆ ಕೊಟ್ಟು, ಮೊಹರು ಒತ್ತಿಬಿಟ್ಟಿದ್ದರು. ಮೊಹರು ಬಿದ್ದ ಕಾಗದ ಹಿಂದೆ ಹೋಗುವುದಿಲ್ಲ. ಅದಕ್ಕೆ ಉತ್ತರ ಹೋಗಬೇಕು. ಮೇಲಾಗಿ ಗುರುವಾರ ಬೆಳಿಗ್ಗೆ ಹತ್ತಕ್ಕೆ ಮೌಲ್ಯಾಂಕನ ಸಮಿತಿ ಬರುವುದಿತ್ತು. ಕೇಂದ್ರಕ್ಕೆ "ಸಮೃದ್ಧ ಜೀವಸಂಪತ್ತಿನ ತೀರ" ಎಂಬ ದರ್ಜೆಯನ್ನು ಇನ್ನೈದು ವರ್ಷ ಮುಂದುವರಿಸಬೇಕೋ ಬೇಡವೋ ಎಂದು ಅವರು ನೋಡಬೇಕಿತ್ತು.

ಮುಖ್ಯಸ್ಥರೂ ಅಧೀಕ್ಷಕರೂ ಒಂದು ಗಂಟೆ ಬಾಗಿಲು ಹಾಕಿಕೊಂಡು ಕುಳಿತರು. ಮಧ್ಯಾಹ್ನ ಹಜಾರದ ಹಲಗೆಯ ಮೇಲೆ ಸುತ್ತೋಲೆ ಬಿತ್ತು:

"ಉಲ್ಲೇಖಿತ ವರದಿಯನ್ವಯ, ಬಂಡೆಯ ಮೇಲಿನ ಟೋಪಿಚಿಪ್ಪುಗಳು ಹಲವು ವರ್ಷಗಳಿಂದ ಮಾದರಿ ಕೋಣೆಯಲ್ಲಿ ಅನ್ಯ ಕರ್ತವ್ಯದ ಮೇಲೆ ಇರುವುದು ಗಮನಕ್ಕೆ ಬಂದಿರುತ್ತದೆ. ಸದರಿ ಜೀವಿಗಳನ್ನು ಈ ಕೂಡಲೇ ಜಾರಿಗೆ ಬರುವಂತೆ ಅವುಗಳ ಮೂಲ ಸ್ಥಾನಕ್ಕೆ ಮರುನಿಯೋಜಿಸಲಾಗಿದೆ. ಈ ಸಂಬಂಧ ಇಂದಿನ ಬೆಳಗಿನ ಇಳಿತವನ್ನು ಆಡಳಿತಾತ್ಮಕ ಕಾರಣಗಳಿಂದ ಸಂಜೆ ಐದು ಗಂಟೆಗೆ ಮುಂದೂಡಲಾಗಿದೆ. ಎಲ್ಲ ವಿದ್ಯಾರ್ಥಿಗಳೂ ಅಂಟಿನೊಂದಿಗೆ ಹಾಜರಿರತಕ್ಕದ್ದು. ಸ್ಥಾನಗಳ ಬಗ್ಗೆ ತಿಳಿವಳಿಕೆ ಇರುವ ವಿದ್ಯಾರ್ಥಿನಿಯು ಉಸ್ತುವಾರಿ ವಹಿಸುವುದು. ನಾನೂರ ಹನ್ನೆರಡು ಜೀವಿಗಳೂ ಹಾಜರಿರುವುದು ದೃಢಪಟ್ಟ ನಂತರ ಸದರಿ ವಿದ್ಯಾರ್ಥಿನಿಯ ಪ್ರಮಾಣಪತ್ರವನ್ನು ಪರಿಶೀಲಿಸಲಾಗುವುದು."

ಸಂಜೆ ಐದಕ್ಕೆ, ಹಲವು ವರ್ಷಗಳಲ್ಲೇ ಮೊದಲ ಬಾರಿಗೆ, ಇಡೀ ತರಗತಿಯ ಕಾಲು ಒಣ ಬಂಡೆಯ ಮೇಲೆ ಬಿತ್ತು. ಹುಡುಗರು ಬೆರಗಾಗಿ ನಿಂತರು. ಏಡಿಯೊಂದು ಓಡಿದ್ದಕ್ಕೆ ಚಪ್ಪಾಳೆ ತಟ್ಟಿದರು. ದೋಣಿ ರಿಪೇರಿಯವರು ಬಳಸುವ, ಒದ್ದೆಯಲ್ಲೂ ಹಿಡಿಯುವ ಅಂಟು ಡಬ್ಬದಲ್ಲಿ ಬಂದಿತ್ತು. ಎಣಿಸಲು ಸುಲಭವಾಗಲೆಂದು ಬಾಟಲಿ ಮಾಮ ಪ್ರತಿ ಚಿಪ್ಪಿನ ಮೇಲೂ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದಿದ್ದರು. ಗಂಬೂಟು ಪಾಚಿ ಕೆರೆದು ಹಳೇ ಗುರುತು ತೋರಿಸುವುದು, ವಾರಸುದಾರ ಅಂಟು ಹಚ್ಚುವುದು, ಇನ್ನೊಬ್ಬ ಚಿಪ್ಪು ಒತ್ತುವುದು. ಒಂದು ಗಂಟೆಯೊಳಗೆ ನಾನೂರ ಹನ್ನೊಂದು ಮಂದಿ ತಮ್ಮ ತಮ್ಮ ಮನೆ ಸೇರಿದರು. ಒಳಗೆ ಯಾರೂ ಇರಲಿಲ್ಲ ಎಂಬುದು ಹೊರಗಿನಿಂದ ಗೊತ್ತಾಗುತ್ತಿರಲಿಲ್ಲ.

"ಇನ್ನೊಂದು?" ಎಂದ ವಾರಸುದಾರ.

ಮಾಮ ಬೇರೆ ಕಡೆ ನೋಡಿದರು. ಆಗಲೇ ಗಂಬೂಟು ಬಂಡೆಯ ತಳದ ಬಿರುಕಿನಲ್ಲಿ ಕೈ ಹಾಕಿ ಹಾಗೇ ನಿಂತಳು. ಬಿರುಕಿನ ಅಂಚಿನಲ್ಲಿ ಬೋಳಾದ ಒಂದು ಸಣ್ಣ ಜಾಗ, ಯಾರೋ ದಿನಾ ಮೇಯ್ದ ಹಾಗೆ. ಅದರ ಪಕ್ಕದಲ್ಲಿ ಒಂದು ಟೋಪಿ. ಬೆರಳು ತಾಗಿಸಿದಳು. ಅದು ಬಂಡೆಯನ್ನು ಇನ್ನಷ್ಟು ಗಟ್ಟಿಯಾಗಿ ಕಚ್ಚಿತು.

"ಮಾಮಾ, ಇದು ಬದುಕಿದೆ!"

ಬಾಟಲಿ ಮಾಮ ಒದ್ದೆ ಬಂಡೆಯ ಮೇಲೆ ಹೊಟ್ಟೆ ಊರಿ ಮಲಗಿ ಇಣುಕಿದರು. ಅದು ಅಂದು ಕೈಗೆ ಸಿಗದೆ ಉಳಿದದ್ದೋ ಅಥವಾ ಅದರ ಸಂತತಿಯೋ ಯಾರಿಗೆ ಗೊತ್ತು. "ಕಳೆದಿರಲಿಲ್ಲ," ಎಂದರು ಕೊನೆಗೆ. "ನೋಡಿದ್ರಾ ಎಲ್ರೂ? ನಾನು ಕಳೆದಿರಲಿಲ್ಲ." ಅವರ ಕಣ್ಣು ತುಂಬಿತ್ತು. ಬಣ್ಣದ ಡಬ್ಬ ತೆಗೆದು ಅದರ ಟೋಪಿಯ ಮೇಲೆ ನಾನೂರ ಹನ್ನೆರಡು ಎಂದು ಬರೆದರು. ಅವತ್ತು ರಾತ್ರಿ ಗಂಬೂಟು ಎರಡು ವರ್ಷದಲ್ಲಿ ಮೊದಲ ಸಲ ನೆಮ್ಮದಿಯಾಗಿ ಮಲಗಿದಳು.

ಬುಧವಾರ ಹನ್ನೊಂದು ಗಂಟೆಗೆ, ಅಂದರೆ ಅಧಿಕೃತ ಇಳಿತದ ನಡುವೆ, ನೀರು ಎದೆಯವರೆಗೆ ಇದ್ದಾಗ, ಸಮಿತಿಯ ಭೇಟಿಗೆ ಪೂರ್ವಾಭ್ಯಾಸ ನಡೆಯಿತು. ಅಧೀಕ್ಷಕರು ದೋಣಿಯಲ್ಲಿ ಕುಳಿತು, ತಳಕ್ಕೆ ಗಾಜು ಹಾಕಿದ ಡಬ್ಬವನ್ನು ನೀರಿನಲ್ಲಿಟ್ಟು, ಇಣುಕಿ ನೋಡಿ ಹಾಜರಾತಿ ತೆಗೆದುಕೊಂಡರು. ಒಂದರಿಂದ ನಾನೂರ ಹನ್ನೊಂದರವರೆಗೆ ಎಲ್ಲವೂ ಕದಲದೆ ಕುಳಿತಿದ್ದವು. ನಾನೂರ ಹನ್ನೆರಡರ ಜಾಗ ಖಾಲಿ. ಅದು ಅಲ್ಲಿಂದ ಒಂದು ಗೇಣು ದೂರದಲ್ಲಿ, ಬಿಳಿ ಸಂಖ್ಯೆ ಹೊತ್ತುಕೊಂಡು, ಯಾವ ಅಂಜಿಕೆಯೂ ಇಲ್ಲದೆ ಪಾಚಿ ಮೇಯುತ್ತಿತ್ತು.

"ಗೈರು," ಎಂದು ಅಧೀಕ್ಷಕರು ಬರೆದುಕೊಂಡರು.

"ಸರ್, ನೀರಿದ್ದಾಗ ಅದು ಊಟಕ್ಕೆ ಹೋಗುತ್ತೆ. ಇಳಿದಾಗ ವಾಪಸ್ ಬರುತ್ತೆ," ಎಂದಳು ಗಂಬೂಟು.

"ಈಗ ಇಳಿತವೇ ಅಲ್ವೇನಮ್ಮ? ಕಚೇರಿ ವೇಳೆಯಲ್ಲಿ ಊಟಕ್ಕೆ ಹೋಗಿ, ಕಚೇರಿ ಮುಗಿದ ಮೇಲೆ ಬಂದು ಕೂತ್ರೆ ಅದನ್ನ ಹಾಜರಿ ಅಂತ ಹೇಗೆ ಬರೀಲಿ? ಉಳಿದ ನಾನೂರ ಹನ್ನೊಂದಕ್ಕೂ ಹೊಟ್ಟೆ ಇಲ್ವಾ?"

ಹೊಟ್ಟೆ ಇರಲಿಲ್ಲ ಎಂಬುದು ನಿಜ. ಆದರೆ ಆ ಮಾತು ಅಲ್ಲಿ ಯಾರೂ ಆಡಲಿಲ್ಲ.

ಮಧ್ಯಾಹ್ನದ ಟಿಪ್ಪಣಿ ಚಿಕ್ಕದಾಗಿತ್ತು. ನಾನೂರ ಹನ್ನೆರಡನೆಯ ಜೀವಿಯ ನಡತೆ ಇತರ ಜೀವಿಗಳಿಗೆ ಮಾದರಿಯಾಗಿಲ್ಲ. ಸಮಿತಿಯ ಮುಂದೆ ಕೇಂದ್ರಕ್ಕೆ ಮುಜುಗರವಾಗದಂತೆ ಸದರಿ ಜೀವಿಯನ್ನೂ ಇಂದು ಸಂಜೆಯೊಳಗೆ ಅಂಟಿನಿಂದ ಖಾಯಂಗೊಳಿಸತಕ್ಕದ್ದು. ಮುಖ್ಯಸ್ಥರು ಅದನ್ನು ಕೊಡುವಾಗ ಗಂಬೂಟಿನ ತಲೆ ನೇವರಿಸಿದರು. "ಖಾಯಂ ಆಗೋಕೆ ಜನ ಎಷ್ಟು ವರ್ಷ ಕಾಯ್ತಾರೆ ಗೊತ್ತಾ? ಅದರ ಪುಣ್ಯ," ಎಂದರು. ಅವಳ ಪ್ರಮಾಣಪತ್ರ ಆಗಲೇ ಬರೆದು ಸಿದ್ಧವಾಗಿ ಅವರ ಮೇಜಿನ ಮೇಲಿತ್ತು. ಸಹಿಯ ಜಾಗ ಮಾತ್ರ ಖಾಲಿ.

ಆರು ಗಂಟೆಗೆ ಅವಳೂ ಬಾಟಲಿ ಮಾಮನೂ ಬಂಡೆಗೆ ಹೋದರು. ತಣ್ಣನೆ ಗಾಳಿಗೆ ಅವಳು ಅತ್ತೆಯ ರೇನ್‌ಕೋಟು ಹಾಕಿಕೊಂಡಿದ್ದಳು. ಚಿಪ್ಪು ತನ್ನ ಬಿರುಕಿನಲ್ಲಿ, ತನ್ನ ಗುರುತಿನ ಮೇಲೆ, ಕೂದಲೆಳೆಯಷ್ಟೂ ಅತ್ತಿತ್ತ ಆಗದೆ ಬಂದು ಕುಳಿತಿತ್ತು. ಅಂಟು ಹಚ್ಚಿದರೆ ಅದು ಇನ್ನು ಮೇಯಲು ಹೋಗುವುದಿಲ್ಲ. ಒಂದು ವಾರ, ಹೆಚ್ಚೆಂದರೆ ಎರಡು. ಆಮೇಲೆ ಅದೂ ಉಳಿದವುಗಳ ಹಾಗೆ ಶಿಸ್ತಿನ ಸಿಪಾಯಿಯಾಗುತ್ತದೆ.

ಗಂಬೂಟು ಅಂಟಿನ ಕಡ್ಡಿ ಹಿಡಿದುಕೊಂಡು ಕುಂಟು ಕಾಲಿನ ಕುರ್ಚಿಯನ್ನು ನೆನೆದಳು. ಅತ್ತೆಯ ಐಸು ಹೊಡೆದು ಮರಗಟ್ಟಿದ ಬೆರಳುಗಳನ್ನು ನೆನೆದಳು. ಕಡ್ಡಿಯನ್ನು ಚಿಪ್ಪಿನ ಅಂಚಿನವರೆಗೂ ಒಯ್ದಳು. ಚಿಪ್ಪು ಬಂಡೆಯನ್ನು ಬಿಗಿಯಾಗಿ ಕಚ್ಚಿತು. ಪಾಪ, ಅದಕ್ಕೆ ಗೊತ್ತಿದ್ದ ಉಪಾಯ ಅದೊಂದೇ.

"ಆಗಲ್ಲ ಮಾಮಾ," ಎಂದಳು.

ಮಾಮ ಸಮುದ್ರದ ಕಡೆ ತಿರುಗಿ ನಿಂತರು. "ನನಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ ಕಣಮ್ಮ," ಎಂದರು. "ಬಣ್ಣದ ಡಬ್ಬ ಚೀಲದಲ್ಲಿದೆ. ನಾನು ಆ ಕಡೆ ನೋಡ್ತಾ ಇರ್ತೀನಿ."

ಅವಳು ಉಗುರಿನಿಂದ ಚಿಪ್ಪಿನ ಮೇಲಿನ ಬಿಳಿ ಸಂಖ್ಯೆಯನ್ನು ಮೆಲ್ಲಗೆ ಕೆರೆದು ತೆಗೆದಳು. ಅತ್ತೆಯ ರೇನ್‌ಕೋಟಿನ ಮೇಲಿನ ಗುಂಡಿಯನ್ನು ಹಲ್ಲಿನಿಂದ ಕಿತ್ತು, ನಾಲ್ಕು ತೂತಿನ ಆ ಕಂದು ಗುಂಡಿಯನ್ನು ಬಿರುಕಿನಿಂದ ದೂರ, ನಾನೂರ ಹನ್ನೊಂದರ ಪಕ್ಕದಲ್ಲಿ ಅಂಟಿಸಿ, ಅದರ ಮೇಲೆ ನಾನೂರ ಹನ್ನೆರಡು ಎಂದು ಬರೆದಳು. ಹಾಜರಾತಿ ಪಟ್ಟಿಯಲ್ಲಿ "ಎಲ್ಲವೂ ಹಾಜರು" ಎಂದು ಬರೆದು ಸಹಿ ಹಾಕಿದಳು. ಕೈ ಸ್ವಲ್ಪವೂ ನಡುಗಲಿಲ್ಲ. ನಡುಗಲಿಲ್ಲವಲ್ಲ ಎಂದು ಅವಳಿಗೆ ನಿಜವಾಗಿಯೂ ಬೇಸರವಾಯಿತು.

ಗುರುವಾರ ಹತ್ತಕ್ಕೆ ಬರಬೇಕಾಗಿದ್ದ ಸಮಿತಿ ಹನ್ನೆರಡೂವರೆಗೆ ಬಂತು. ಮೂವರು ಸದಸ್ಯರೂ ದೋಣಿಯಲ್ಲಿ ಸರದಿಯ ಮೇಲೆ ಗಾಜಿನ ಡಬ್ಬಕ್ಕೆ ಕಣ್ಣಿಟ್ಟರು. ಇಷ್ಟು ಶಿಸ್ತಿನ ಬಂಡೆಯನ್ನು ತಾವು ಎಲ್ಲೂ ಕಂಡಿಲ್ಲವೆಂದು ಅಧ್ಯಕ್ಷರು ಹೇಳಿದರು. ಕೊನೆಯಲ್ಲಿ ಅವರು ಡಬ್ಬದಿಂದ ತಲೆ ಎತ್ತಿ, "ಈ ನಾನೂರ ಹನ್ನೆರಡನೆಯದು ಸ್ವಲ್ಪ ಬೇರೆ ಥರ ಇದೆಯಲ್ಲ?" ಎಂದರು.

ದೋಣಿಯ ತುದಿಯಲ್ಲಿ ಕುಳಿತಿದ್ದ ಗಂಬೂಟು ರೇನ್‌ಕೋಟಿನ ಗುಂಡಿಯಿಲ್ಲದ ಜಾಗವನ್ನು ಕೈಯಿಂದ ಮುಚ್ಚಿಕೊಂಡಳು. ಅಧೀಕ್ಷಕರು ಬೆವರು ಒರೆಸಿಕೊಂಡರು.

"ನಡುವೆ ನಾಲ್ಕು ರಂಧ್ರ ಇದೆ," ಎಂದರು ಅಧ್ಯಕ್ಷರು. ಮತ್ತೊಮ್ಮೆ ಡಬ್ಬಕ್ಕೆ ಕಣ್ಣಿಟ್ಟರು. "ಇದು ಎಲ್ಲೂ ವರದಿಯಾಗಿಲ್ಲ. ಯಾರು ಕಂಡುಹಿಡಿದಿದ್ದು?"

ಎಲ್ಲರ ಬೆರಳೂ ಗಂಬೂಟಿನ ಕಡೆ ತಿರುಗಿತು. ಅಂದು ನೆಗಡಿಯ ಭಯ ಬಿಟ್ಟು ದೋಣಿ ಹತ್ತಿದ್ದ ಮುಖ್ಯಸ್ಥರು ಅಲ್ಲೇ ಪ್ರಮಾಣಪತ್ರಕ್ಕೆ ಸಹಿ ಹಾಕಿ, "ಅತ್ಯುತ್ತಮ" ಎಂದು ಸೇರಿಸಿದರು. ಕೇಂದ್ರದ ದರ್ಜೆ ಐದರ ಬದಲು ಹತ್ತು ವರ್ಷ ಮುಂದುವರಿಯಿತು. ಬಾಟಲಿ ಮಾಮನ ಹಳೇ ಮೆಮೊವನ್ನು, ಕಳೆದುಹೋದ ಜೀವಿ ಸುಧಾರಿತ ರೂಪದಲ್ಲಿ ಪತ್ತೆಯಾದ ಕಾರಣ, ಹಿಂತೆಗೆದುಕೊಳ್ಳಲಾಯಿತು. ಕೈಪಿಡಿಯ ಹೊಸ ಆವೃತ್ತಿಯಲ್ಲಿ ನಾಲ್ಕು ರಂಧ್ರದ ಟೋಪಿಚಿಪ್ಪಿನ ಬಣ್ಣದ ಚಿತ್ರವಿದೆ. ನೀರು ಒಳಗೆ ಬಂದು ಹೋಗಲು ಎರಡು, ಉಸಿರಿಗೆ ಎರಡು ಎಂದು ವಾರಸುದಾರ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದ. ಆ ರೆಕಾರ್ಡ್ ಪುಸ್ತಕ ಈಗ ಅವನ ತಮ್ಮನ ಹತ್ತಿರ ಇದೆ.

ಮನೆಗೆ ಹೊರಟ ದಿನ ಗಂಬೂಟು ಬಸ್ಸಿನಿಂದ ಅತ್ತೆಗೆ ಫೋನು ಮಾಡಿದಳು.

"ಸಿಕ್ತಾ?"

"ಸಿಕ್ತು ಅತ್ತೆ. ಸೋಮವಾರದಿಂದ ಕೆಲಸಕ್ಕೆ ಹೋಗಬಹುದು. ನಿಮ್ಮ ರೇನ್‌ಕೋಟಿನ ಒಂದು ಗುಂಡಿ ಮಾತ್ರ ಅಲ್ಲೇ ಉಳೀತು."

"ಎಲ್ಲಿ?"

"ಬಂಡೆ ಮೇಲೆ. ಅದಕ್ಕೂ ಅಲ್ಲೇ ಕೆಲಸ ಸಿಕ್ಕಿದೆ."

"ಖಾಯಮ್ಮಾ?" ಎಂದು ಕೇಳಿದಳು ಅತ್ತೆ.

"ಖಾಯಂ ಅತ್ತೆ."

"ಸರಿ ಬಿಡು ಹಾಗಾದ್ರೆ. ಕೀಳೋಕೆ ಹೋಗಬೇಡ."

ಬಸ್ಸು ತೀರದ ಪಕ್ಕದಲ್ಲೇ ಹೋಗುತ್ತಿತ್ತು. ಗಂಟೆ ಹನ್ನೊಂದಾಗಿತ್ತು, ಎಲ್ಲರಿಗೂ ತಿಳಿದಿರುವಂತೆ ಇಳಿತದ ಹೊತ್ತು. ಬಂಡೆ ಇದ್ದ ಕಡೆ ನೀರು ಏರುತ್ತಾ ಬಂದಿತ್ತು. ಅದರ ಕೆಳಗೆ ನಾನೂರ ಹನ್ನೆರಡೂ ಹಾಜರಿದ್ದವು. ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಮಾತ್ರ ಅಷ್ಟು ಹೊತ್ತಿಗೆ ಊಟಕ್ಕೆ ಹೊರಟಿರಬೇಕು.